ಜಾಗ ಬಿಟ್ಟವರು ಯಾರು?

ನಾನು ದಾವಣಗೆರೆಯಲ್ಲಿ ಬೆಳೆಯುತ್ತಿದ್ದ ಎಂಬತ್ತರ ದಶಕದಲ್ಲಿ ಒಬ್ಬರ ಫೋಟೊ ಕದಿಯಬೇಕೆಂದರೆ ಸಾಕಷ್ಟು ಶ್ರಮಪಡಬೇಕಿತ್ತು. ಮನೆಯಲ್ಲಿ ಕ್ಯಾಮೆರಾ ಇದ್ದವರು ಕಡಿಮೆ. ಹಾಲ್ ಟಿಕೆಟ್ಟಿಗೆ ಬೇಕಾದ ಪಾಸ್‌ಪೋರ್ಟ್ ಸೈಜಿಗೂ, ಗಂಡಿನ ಕಡೆಯವರಿಗೆ ಕಳಿಸುವ ನಿಂತ ಭಂಗಿಯ ಫೋಟೊಕ್ಕೂ ಸ್ಟುಡಿಯೋಗೇ ಹೋಗಬೇಕು. ದುಡ್ಡು ಕೊಟ್ಟರೆ ನಮ್ಮ ಕೈಗೆ ಬರುತ್ತಿದ್ದದ್ದು ಪ್ರಿಂಟು ಮಾತ್ರ. ನೆಗೆಟಿವನ್ನು ಕವರಿಗೆ ಹಾಕಿ, ಮೇಲೊಂದು ನಂಬರ್ ಬರೆದು ಅವರೇ ಇಟ್ಟುಕೊಳ್ಳುತ್ತಿದ್ದರು. ಇನ್ನೊಂದು ಕಾಪಿ ಬೇಕಾದರೆ ಆ ನಂಬರ್ ಹೇಳಿದರಾಯಿತು. ಹಾಗೆ ಹೇಳುವವರು ಫೋಟೊದಲ್ಲಿರುವವರೇ ಹೌದೋ ಅಲ್ಲವೋ ಎಂದು ವಿಚಾರಿಸುವ ಪದ್ಧತಿ ಇರಲಿಲ್ಲ.

ಚೆನ್ನಾಗಿ ಬಂದ ಫೋಟೊ ಸ್ಟುಡಿಯೋದ ಗಾಜಿನ ಶೋಕೇಸಿಗೆ ಏರುತ್ತಿತ್ತು. ಅದಕ್ಕೂ ಯಾರನ್ನೂ ಕೇಳುತ್ತಿರಲಿಲ್ಲ. ಮಗಳ ಫೋಟೊ ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನೇತಾಡುತ್ತಿದೆ ಎಂದು ಯಾರೋ ಹೇಳಿದ ಮೇಲೆ ಅಪ್ಪಂದಿರು ಹೋಗಿ ಜಗಳವಾಡಿ ಇಳಿಸಿಕೊಂಡು ಬರುತ್ತಿದ್ದರು. ಕಾನೂನು ಆಗಲೂ ಅವರ ಪರವಾಗಿಯೇ ಇತ್ತು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕು ತೆಗೆಸಿಕೊಂಡವರದು. ಇದು ಸ್ಟುಡಿಯೋದವರಿಗೂ ಗೊತ್ತಿರಲಿಲ್ಲ, ಅಪ್ಪಂದಿರಿಗೂ ಗೊತ್ತಿರಲಿಲ್ಲ. ಜಗಳವೆಲ್ಲ ಮರ್ಯಾದೆಯ ಹೆಸರಿನಲ್ಲೇ ನಡೆಯುತ್ತಿತ್ತು.

ನಮ್ಮ ಅವ್ವ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಕ್ಕನಿಗೆ ಗಂಡು ನೋಡುತ್ತಿದ್ದಾಗ ಹಳೆಯದೊಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುತ್ತಿದ್ದಳು. ಯಾವ ಊರಿಗೆ, ಯಾರ ಮನೆಗೆ, ಯಾರ ಕೈಯಲ್ಲಿ ಜಾತಕದ ಜೊತೆ ಫೋಟೊ ಹೋಯಿತು, ವಾಪಸ್ ಬಂತೋ ಇಲ್ಲವೋ ಎಲ್ಲವೂ ಅದರಲ್ಲಿತ್ತು. ಬಾರದಿದ್ದರೆ ಒಂದು ಕಾರ್ಡು ಬರೆಯುವಳು. ಅದಕ್ಕೂ ಬಾರದಿದ್ದರೆ ಮಾವನನ್ನೇ ಅಟ್ಟುವಳು. "ಸಂಬಂಧ ಬ್ಯಾಡಾಂದ್ರೆ ಬಿಡ್ಲಿ, ಫೋಟೊ ಯಾಕಂತೆ ಅವ್ರಿಗೆ?" ಎನ್ನುತ್ತಿದ್ದಳು. ಎಣಿಸಿ ಕಳಿಸಿದ್ದನ್ನು ಎಣಿಸಿ ವಾಪಸ್ ಪಡೆಯಲು ಸಾಧ್ಯವಿದ್ದ ಕಾಲ ಅದು.

ಆದರೆ ಅದು ಒಳ್ಳೆಯ ಕಾಲವಾಗಿತ್ತು ಎಂದು ನಾನು ಹೇಳಲಾರೆ. ನಮ್ಮ ಓಣಿಯಲ್ಲಿ ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿಯ ಪಾಸ್‌ಪೋರ್ಟ್ ಸೈಜ್ ಫೋಟೊ ಒಬ್ಬ ಹುಡುಗನ ಪರ್ಸಿನಲ್ಲಿ ಸಿಕ್ಕಿತು. ಸ್ಟುಡಿಯೋದ ಕೆಲಸದ ಹುಡುಗನಿಗೆ ಚಹಾದ ಕಾಸು ಕೊಟ್ಟು ಅವನು ಒಂದು ಪ್ರಿಂಟು ಹಾಕಿಸಿಕೊಂಡಿದ್ದ. ಹುಡುಗಿಗೆ ಅವನ ಹೆಸರೂ ಗೊತ್ತಿರಲಿಲ್ಲ. ಅದನ್ನು ನಂಬಿದವರೂ "ನಂಬದೋರ ಬಾಯಿ ಮುಚ್ಚಿಸೋಕಾಗುತ್ತಾ" ಎಂದು ಅವಳ ಕಾಲೇಜು ಬಿಡಿಸಿದರು. ವರ್ಷ ತುಂಬುವುದರೊಳಗೆ ದೂರದ ಊರಿಗೆ ಕೊಟ್ಟು ಮದುವೆ ಮಾಡಿದರು. ಹುಡುಗ ಅದೇ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದ. ಆ ಪ್ರಿಂಟನ್ನು ಕಸಿದು ಒಲೆಗೆ ಹಾಕಿದ್ದರಿಂದ ಪ್ರಕರಣ ಮುಗಿಯಿತು ಎಂದೇ ದೊಡ್ಡವರೆಲ್ಲ ತಿಳಿದಿದ್ದರು.

ನನ್ನ ಸರದಿ ಬಂದದ್ದು 2007ರಲ್ಲಿ, ಬೆಂಗಳೂರಿನಲ್ಲಿ. ಕಾಲ್ ಸೆಂಟರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಆಫೀಸಿನವರೆಲ್ಲ ಟ್ರಿಪ್ ಹೋಗಿದ್ದಾಗ ಯಾರದೋ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳು ಎಲ್ಲರ ಇಮೇಲಿಗೂ ಬಂದವು. ಅವುಗಳಲ್ಲಿ ನಾನು ಚೂಡಿದಾರ ಹಾಕಿಕೊಂಡು ಬಂಡೆಯ ಮೇಲೆ ಕೂತಿದ್ದ ಒಂದು ಫೋಟೊ ಇತ್ತು. ಅದನ್ನು ಬಳಸಿ, ಆಗ ಎಲ್ಲರೂ ಇದ್ದ ಒಂದು ಜಾಲತಾಣದಲ್ಲಿ ನನ್ನ ಹೆಸರಿನಲ್ಲೇ ಯಾರೋ ಇನ್ನೊಂದು ಪ್ರೊಫೈಲ್ ತೆರೆದಿದ್ದರು. ಅದರಲ್ಲಿ ನನ್ನ ಮೊಬೈಲ್ ನಂಬರ್ ಹಾಕಿ, ಜೊತೆಗೆ ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಮಾಡಬಹುದು ಎಂಬರ್ಥದ ಒಂದು ಸಾಲು ಬರೆದಿದ್ದರು.

ನನಗೆ ಅದು ತಿಳಿದದ್ದು ಕರೆಗಳು ಶುರುವಾದ ಮೇಲೆ. ಮೊದಲು ರಾಂಗ್ ನಂಬರ್ ಎಂದುಕೊಂಡೆ. ಆಮೇಲೆ ಒಬ್ಬ, ಸ್ವಲ್ಪ ಮರ್ಯಾದಸ್ಥ, "ನೀವೇ ಹಾಕಿದೀರಲ್ಲ ಮೇಡಂ ನಂಬರು" ಎಂದು ಎಲ್ಲಿ ನೋಡಿದ್ದೆಂದು ಹೇಳಿದ. ಪಿಜಿಯ ಕೆಳಗಿದ್ದ ಸೈಬರ್ ಕೆಫೆಗೆ ಹೋಗಿ, ಹಲಗೆಯಿಂದ ಮರೆ ಮಾಡಿದ ಗೂಡಿನಲ್ಲಿ ಕೂತು ನೋಡಿದೆ. ಪಕ್ಕದ ಗೂಡಿನಲ್ಲಿದ್ದವನೂ ಅದನ್ನೇ ನೋಡುತ್ತಿದ್ದರೆ ಎಂಬ ಯೋಚನೆ ಬಂದು, ಕಾಸು ಕೊಟ್ಟು ಎದ್ದುಬಂದೆ. ಹಾಳೆಯ ಮೇಲೆ ಪ್ರಿಂಟ್ ತೆಗೆದುಕೊಳ್ಳಬೇಕು ಎಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

ಠಾಣೆಗೆ ಹೋದಾಗ ಅಲ್ಲಿದ್ದವರು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಕೂರಿಸಿ ಮಾತಾಡಿಸಿದರು. "ಫೋಟೊದಲ್ಲಿ ಅಶ್ಲೀಲ ಏನಿದೆಯಮ್ಮ? ನೀಟಾಗೇ ಇದೆಯಲ್ಲ" ಎಂದರು. ಆ ಪ್ರಶ್ನೆಯಲ್ಲಿ ಕಾನೂನಿನ ತರ್ಕವೂ ಇತ್ತು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ನನ್ನಂಥವರು ಹಿಡಿಯಬಹುದಾಗಿದ್ದದ್ದು 67ನೇ ಕಲಂ. ಅದು ಅಶ್ಲೀಲ ವಸ್ತುವಿನ ಪ್ರಕಟಣೆಗೆ ಸಂಬಂಧಿಸಿದ್ದು. ಬಂಡೆಯ ಮೇಲೆ ಚೂಡಿದಾರದಲ್ಲಿ ಕೂತಿದ್ದ ನಾನು ಅದರೊಳಗೆ ಬರುತ್ತಿರಲಿಲ್ಲ. ಇನ್ನೊಬ್ಬರ ಗುರುತು ಕದಿಯುವುದು, ಇನ್ನೊಬ್ಬರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸುವುದು ಆ ಕಾಯ್ದೆಯಲ್ಲಿ ಅಪರಾಧಗಳಾಗಿರಲೇ ಇಲ್ಲ. ಮೇಲಾಗಿ ಆ ಕಾಯ್ದೆಯ ಪ್ರಕರಣವನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿರಲಿಲ್ಲ. ಮೇಜಿನ ಆಚೆ ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ಮನಸ್ಸು ಮಾಡಿದ್ದರೂ ಆ ಕಾಯ್ದೆಯಡಿ ಏನೂ ಮಾಡುವಂತಿರಲಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲೇ ಅದೇ ಬೆಂಗಳೂರಿನಲ್ಲಿ ಶುರುವಾಗಿತ್ತು. ಅಂಥದ್ದೊಂದು ಇದೆಯೆಂದು ನಾನೂ ಕೇಳಿರಲಿಲ್ಲ, ನನ್ನ ಎದುರು ಕೂತವರೂ ಹೇಳಲಿಲ್ಲ. "ನಂಬರ್ ಚೇಂಜ್ ಮಾಡ್ಬಿಡಿ. ಅಣ್ಣನೋ ತಮ್ಮನೋ ಇದ್ರೆ ಕರ್ಕೊಂಡ್ಬನ್ನಿ, ಮಾತಾಡೋಣ" ಎಂದು ಕಳಿಸಿಕೊಟ್ಟರು.

ಪ್ರೊಫೈಲನ್ನು ಇಳಿಸಿದ್ದು ಗೆಳತಿಯರು. ಒಬ್ಬೊಬ್ಬರೂ ತಮ್ಮ ಖಾತೆಯಿಂದ ಅದು ನಕಲಿ ಎಂದು ಒತ್ತುತ್ತಾ ಹೋದರು. ಒಂದು ದಿನ ನೋಡಿದರೆ ಪುಟ ಇರಲಿಲ್ಲ. ಯಾರು ತೆಗೆದರು, ಯಾವ ದೂರಿನ ಮೇಲೆ ತೆಗೆದರು, ಹಾಕಿದವನ ವಿವರ ಉಳಿಸಿಕೊಂಡರೋ ಇಲ್ಲವೋ ಎಂಬ ಯಾವ ಸುಳಿವೂ ಇಲ್ಲ. ನನ್ನ ಕೈಯಲ್ಲಿ ದೂರಿನ ಒಂದು ಚೀಟಿಯೂ ಉಳಿಯಲಿಲ್ಲ. ಹಾಕಿದವನು ಆಫೀಸಿನವನೇ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ, ಏಕೆಂದರೆ ಆ ಫೋಟೊಗಳು ಹೋದದ್ದು ಟ್ರಿಪ್ಪಿಗೆ ಬಂದವರಿಗೆ ಮಾತ್ರ. ಕ್ಯಾಂಟೀನಿನಲ್ಲಿ ಯಾರ ಎದುರು ಕೂತರೂ ಇವನೇ ಇರಬಹುದು ಎನಿಸುತ್ತಿತ್ತು. ನಾನು ಸಿಮ್ ಬದಲಿಸಿದೆ, ಪಿಜಿ ಬದಲಿಸಿದೆ, ಕೊನೆಗೆ ಕೆಲಸವನ್ನೂ ಬಿಟ್ಟು ದಾವಣಗೆರೆಗೆ ಬಂದು ಒಬ್ಬ ಆಡಿಟರ್ ಹತ್ತಿರ ಸೇರಿಕೊಂಡೆ. ಮನೆಯಲ್ಲಿ ಬೆಂಗಳೂರಿನ ನೀರು ಹಿಡಿಸಲಿಲ್ಲ ಎಂದೆ. ನಮ್ಮ ಓಣಿಯ ಹುಡುಗಿಗೆ ಬೇರೆಯವರು ಮಾಡಿದ್ದನ್ನು ನನಗೆ ನಾನೇ ಮಾಡಿಕೊಂಡಿದ್ದೆ. ಅವನು, ಯಾರೇ ಆಗಿರಲಿ, ಆ ವರ್ಷವೂ ಇನ್‌ಕ್ರಿಮೆಂಟ್ ತೆಗೆದುಕೊಂಡಿರುತ್ತಾನೆ.

ಆಡಿಟರ್ ಕಚೇರಿಯ ಕೆಲಸದಿಂದ ನನಗೊಂದು ಚಾಳಿ ಅಂಟಿತು. ಯಾವ ಕಾಯ್ದೆ ಯಾವಾಗ ತಿದ್ದುಪಡಿಯಾಯಿತು ಎಂದು ನೋಡಿಡುವುದು. ನಾನು ಊರಿಗೆ ವಾಪಸಾದ ಮೇಲೆ, 2009ರ ಅಕ್ಟೋಬರ್ 27ರಿಂದ, ತಿದ್ದುಪಡಿಯಾದ ಐಟಿ ಕಾಯ್ದೆ ಜಾರಿಗೆ ಬಂತು. ಗುರುತಿನ ಕಳವಿಗೆ 66ಸಿ, ಸೋಗು ಹಾಕಿ ವಂಚಿಸುವುದಕ್ಕೆ 66ಡಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದು ಹಂಚುವುದಕ್ಕೆ 66ಇ, ಲೈಂಗಿಕ ಕ್ರಿಯೆಯ ಚಿತ್ರ ಹರಡುವುದಕ್ಕೆ 67ಎ. ತನಿಖೆಯ ಅಧಿಕಾರ ಇನ್‌ಸ್ಪೆಕ್ಟರ್ ದರ್ಜೆಗೆ ಇಳಿಯಿತು. 2013ರಲ್ಲಿ, ಹೆಂಗಸರ ಮೇಲಿನ ಅಪರಾಧಗಳ ಕಾನೂನನ್ನು ಪರಿಶೀಲಿಸಿದ್ದ ವರ್ಮಾ ಸಮಿತಿಯ ವರದಿಯ ನಂತರ, ಕದ್ದು ನೋಡುವುದು ಮತ್ತು ಬೆನ್ನು ಹತ್ತುವುದು ದಂಡಸಂಹಿತೆಯಲ್ಲೇ ಪ್ರತ್ಯೇಕ ಅಪರಾಧಗಳಾದವು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋದಾಗ ಎಂಬತ್ತು ದಾಟಿತ್ತು.

ಅದೇ 2017ರಲ್ಲಿ ಫೇಸ್‌ಬುಕ್ ಪ್ರೊಫೈಲ್ ಚಿತ್ರಕ್ಕೆ ನೀಲಿ ಚೌಕಟ್ಟಿನ ಕಾವಲೊಂದನ್ನು ಮೊದಲಿಗೆ ಭಾರತದಲ್ಲೇ ತಂದಿತು. ದುರುಪಯೋಗದ ಭಯಕ್ಕೆ ಇಲ್ಲಿನ ಎಷ್ಟೋ ಹೆಂಗಸರು ಮುಖದ ಫೋಟೊ ಹಾಕುವುದೇ ಇಲ್ಲ ಎಂದು ಅವರಿಗೆ ಗೊತ್ತಾಗಿತ್ತು. ನನ್ನ ಪರಿಚಯದ ಹೆಂಗಸರ ಪ್ರೊಫೈಲಿನಲ್ಲಿ ಆಗ ಇರುತ್ತಿದ್ದದ್ದು ಗುಲಾಬಿ ಹೂವು, ದೇವರ ಪಟ, ಇಲ್ಲವೇ ಮಗುವಿನ ಮುಖ. ಜಾಲದಲ್ಲಿ ಇದ್ದೂ ಇಲ್ಲದಂತೆ ಇರುವುದು, ಅದೂ ಒಂದು ಬಗೆಯಲ್ಲಿ ಜಾಗ ಬಿಟ್ಟಂತೆಯೇ.

ಜಾಗ ಬಿಡಿಸುವುದೇ ಉದ್ದೇಶ ಎಂಬುದು ನನಗೆ ಸ್ಪಷ್ಟವಾದದ್ದು 2021 ಮತ್ತು 2022ರ ಎರಡು ಪ್ರಕರಣಗಳಲ್ಲಿ. ಸುಲ್ಲಿ ಡೀಲ್ಸ್, ಆಮೇಲೆ ಬುಲ್ಲಿ ಬಾಯಿ ಎಂಬ ಆ್ಯಪ್‌ಗಳಲ್ಲಿ ಮುಸ್ಲಿಂ ಹೆಂಗಸರ ಫೋಟೊಗಳನ್ನು ಅವರವರ ಖಾತೆಗಳಿಂದ ಎತ್ತಿ ಹರಾಜಿಗಿಟ್ಟಂತೆ ತೋರಿಸಿದರು. ಅವುಗಳಲ್ಲಿ ಬೆತ್ತಲೆ ಚಿತ್ರಗಳಿರಲಿಲ್ಲ, ಎಲ್ಲವೂ ಅವರೇ ಹಾಕಿಕೊಂಡಿದ್ದ ಸಾಮಾನ್ಯ ಫೋಟೊಗಳು. ಪತ್ರಕರ್ತೆಯರು, ಹೋರಾಟಗಾರ್ತಿಯರು, ಮಾತಾಡುವ ಹೆಂಗಸರು. ಬುಲ್ಲಿ ಬಾಯಿ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಬಂಧಿಸಿದ್ದು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗನನ್ನು. ಚಿತ್ರ ಅಶ್ಲೀಲವಾಗಿದೆಯೇ ಎಂದು ನನ್ನನ್ನು ಕೇಳಿದ್ದ ಪ್ರಶ್ನೆ ಎಷ್ಟು ಪೊಳ್ಳು ಎಂದು ಅದನ್ನು ಓದುವಾಗ ಅನಿಸಿತು.

2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಹೆಂಗಸಿನ ವಿಡಿಯೋಗೆ ಅಂಟಿಸಿದ್ದು ಎಲ್ಲರಿಗೂ ಗೊತ್ತು. ಅಲ್ಲಿಗೆ "ಯಾಕೆ ಅಂಥ ಫೋಟೊ ತೆಗೆಸಿಕೊಂಡೆ" ಎಂಬ ಮಾತಿಗೂ ಅರ್ಥ ಉಳಿಯಲಿಲ್ಲ. ಅಂಥದ್ದನ್ನು ತೆಗೆಸಿಕೊಳ್ಳಲೇಬೇಕಿಲ್ಲ. ಒಂದು ಮುಖ ಸಿಕ್ಕರೆ ಸಾಕು.

ತಂಗಿಯ ಮಗಳಿಗೆ ಆದದ್ದೂ ಅದೇ, 2024ರ ಮಳೆಗಾಲದಲ್ಲಿ. ಬೇರೆ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವಳ ಖಾತೆ ಪ್ರೈವೇಟ್. ಪರಿಚಯದವರಿಗೆ ಮಾತ್ರ ಕಾಣುವಂಥದ್ದು. ಆದರೂ ಅವಳ ಹೆಸರಿನ ಇನ್ನೊಂದು ಖಾತೆಯಲ್ಲಿ ಅವಳವೇ ನಿಜವಾದ ಸೆಲ್ಫಿಗಳು, ನಡುನಡುವೆ ಯಾವುದೋ ಆ್ಯಪ್ ಬಟ್ಟೆ ಕಳಚಿ ಮಾಡಿಕೊಟ್ಟ ಚಿತ್ರಗಳು. ಜೊತೆಗೆ ಅವಳಿಗೊಂದು ಮೆಸೇಜು: ವಿಡಿಯೋ ಕಾಲಿಗೆ ಬಾ, ಇಲ್ಲದಿದ್ದರೆ ಅಪ್ಪನಿಗೆ ಕಳಿಸುತ್ತೇನೆ. ಅವಳು ಅಮ್ಮನಿಗೆ ಹೇಳದೆ ನನಗೆ ಫೋನ್ ಮಾಡಿದಳು. ಅಳುತ್ತಿರಲಿಲ್ಲ. "ದೊಡ್ಡಮ್ಮ, ಎಲ್ಲಾ ಡಿಲೀಟ್ ಮಾಡಿ ಅಕೌಂಟ್ ಕ್ಲೋಸ್ ಮಾಡ್ಲಾ?" ಎಂದಳು.

ಏನನ್ನೂ ಅಳಿಸಬೇಡ ಎಂದೆ. ಅವ್ವನ ನೋಟ್‌ಬುಕ್ ನನ್ನ ಕೈಯಲ್ಲಿ ಎಕ್ಸೆಲ್ ಆಗಿತ್ತು. ನಕಲಿ ಖಾತೆಯ ಪೂರ್ತಿ ವಿಳಾಸ, ಪ್ರತಿ ಪೋಸ್ಟಿನ ಲಿಂಕ್, ತಾರೀಕು ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್, ಬೆದರಿಕೆಯ ಮೆಸೇಜು, ಅದನ್ನು ಮೊದಲು ನೋಡಿ ತಿಳಿಸಿದ ಜೂನಿಯರ್‌ನ ಹೆಸರು. ಇಷ್ಟನ್ನೂ ಸಾಲಾಗಿ ಬರೆದ ಮೇಲೆಯೇ ದೂರು ಒತ್ತಿದ್ದು, ಏಕೆಂದರೆ ಪುಟ ಹೋದರೆ ಪುರಾವೆಯೂ ಹೋಗುತ್ತದೆ. 2007ರಲ್ಲಿ ನನಗೆ ಆದದ್ದು ಅದೇ.

ದೂರಿಗೆ ಈಗ ಕಾಲಮಿತಿ ಇದೆ. 2021ರ ಐಟಿ ನಿಯಮಗಳ ಪ್ರಕಾರ ಬೆತ್ತಲೆ ಚಿತ್ರ, ತಿರುಚಿದ ಚಿತ್ರ, ಸೋಗಿನ ಖಾತೆ ಇವುಗಳ ಬಗ್ಗೆ ಸಂಬಂಧಪಟ್ಟವರು ದೂರಿದರೆ 2024ರಲ್ಲಿ 24 ಗಂಟೆಯೊಳಗೆ ತೆಗೆಯಬೇಕಿತ್ತು. ಅದನ್ನು ನೋಡಿಕೊಳ್ಳಲು ಕಂಪನಿಗೆ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ತಿರುಚಿದ ಚಿತ್ರಗಳು ಬೇಗ ಹೋದವು. ಸೆಲ್ಫಿಗಳು ಮಾತ್ರ ನಿಯಮ ಮೀರಿಲ್ಲ ಎಂಬ ಉತ್ತರದೊಂದಿಗೆ ಉಳಿದವು. ಅದೇ ಹಳೆಯ ತರ್ಕ, ನೀಟಾಗೇ ಇದೆಯಲ್ಲ. ಆಗ ಕಾಪಿರೈಟ್ ಫಾರಂ ತುಂಬಿಸಿದೆವು. ಸೆಲ್ಫಿ ತೆಗೆದವಳು ಅವಳೇ, ಆದ್ದರಿಂದ ಹಕ್ಕು ಅವಳದೇ. ಮಾನ ಹೋಗುತ್ತಿದೆ ಎಂದಾಗ ಅಲ್ಲಾಡದಿದ್ದವರು ಮಾಲು ನಮ್ಮದು ಎಂದ ತಕ್ಷಣ ತೆಗೆದರು. ಶೋಕೇಸಿನ ಮುಂದೆ ಜಗಳವಾಡುತ್ತಿದ್ದ ಅಪ್ಪಂದಿರಿಗೆ ಈ ಉಪಾಯ ಗೊತ್ತಿರಬೇಕಿತ್ತು.

ಸ್ಟಾಪ್ ಎನ್‌ಸಿಐಐ ಎಂಬ ಸೇವೆಯನ್ನೂ ಬಳಸಿದೆವು. ಬ್ರಿಟನ್ನಿನ ಒಂದು ಸಹಾಯವಾಣಿ 2021ರ ಡಿಸೆಂಬರಿನಲ್ಲಿ ಶುರುಮಾಡಿದ್ದು. ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರಿಂದ ಒಂದು ಅಂಕಿಗುರುತು ತಯಾರಾಗುತ್ತದೆ, ಹೊರಗೆ ಹೋಗುವುದು ಆ ಗುರುತು ಮಾತ್ರ. ಸೇವೆಗೆ ಸೇರಿಕೊಂಡ ಕಂಪನಿಗಳು ಅದಕ್ಕೆ ಹೊಂದುವ ಚಿತ್ರ ಬಂದರೆ ತಡೆಯುತ್ತವೆ. ಸೇರದ ಕಡೆ ನಡೆಯದು, ಚಿತ್ರವನ್ನು ಸಾಕಷ್ಟು ಬದಲಿಸಿದರೂ ನಡೆಯದು. ಖಾತೆ ಬೇರೆ ಹೆಸರಿನಲ್ಲಿ ಮತ್ತೆ ಎದ್ದಿತು, ಮತ್ತೆ ಇಳಿಸಿದೆವು. ಹದಿನೆಂಟು ತುಂಬದವರಿಗೆ ಟೇಕ್ ಇಟ್ ಡೌನ್ ಎಂಬ ಇಂಥದೇ ಇನ್ನೊಂದಿದೆ.

ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಂಗಸರು ಮತ್ತು ಮಕ್ಕಳ ದೂರಿಗೆ ಪ್ರತ್ಯೇಕ ವಿಭಾಗ ಇದೆ. ಹೆಸರು ಹೇಳದೆಯೂ ದೂರಬಹುದು, ಆದರೆ ಹಾಗೆ ಕೊಟ್ಟ ದೂರು ಎಲ್ಲಿಗೆ ಬಂತೆಂದು ಹಿಂಬಾಲಿಸಲು ಆಗದು. ಅವಳು ಹೆಸರು ಹಾಕಿಯೇ ಕೊಟ್ಟಳು. ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋದೆವು. ಅಲ್ಲಿ ಅಣ್ಣನನ್ನು ಕರೆದುಕೊಂಡು ಬಾ ಎನ್ನಲಿಲ್ಲ. ಲಿಂಕ್ ಎಲ್ಲಿ ಎಂದು ಕೇಳಿದರು. ಎಕ್ಸೆಲ್ ಹಾಳೆ ನೋಡಿ ಇನ್‌ಸ್ಪೆಕ್ಟರ್ "ನೀವು ಏನ್ ಕೆಲಸ ಮಾಡ್ತೀರಿ ಮೇಡಂ?" ಎಂದರು. ಹಾಗಂತ ಸಲೀಸಾಗಿ ಏನೂ ಆಗಲಿಲ್ಲ. ಎಫ್‌ಐಆರ್‌ಗೆ ಕಾಯಿಸಿದರು, ಅವಳ ಫೋನನ್ನು ಪುರಾವೆಗೆಂದು ಇಟ್ಟುಕೊಂಡರು, ಸ್ಕ್ರೀನ್‌ಶಾಟುಗಳಿಗೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬರೆಸಿದರು. ಅಷ್ಟು ಜನರ ಎದುರು ಆ ಚಿತ್ರಗಳು ಒಂದೊಂದಾಗಿ ಪ್ರಿಂಟ್ ಆಗಿ ಬರುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು.

ಕಂಪನಿಯಿಂದ ವಿವರ ಬರುವ ಮೊದಲೇ ಅವಳು ಅರ್ಧ ದಾರಿ ನಡೆದಿದ್ದಳು. ನಕಲಿ ಖಾತೆಯ ಒಂದು ಸೆಲ್ಫಿಯನ್ನು ಅವಳು ಹಾಕಿದ್ದು ಕ್ಲೋಸ್ ಫ್ರೆಂಡ್ಸ್ ಪಟ್ಟಿಗೆ ಮಾತ್ರ. ಆ ಪಟ್ಟಿಯಲ್ಲಿ ಇದ್ದವರೇ ಕೆಲವರು. ಪೊಲೀಸರಿಗೆ ಸಿಕ್ಕ ಮೊಬೈಲ್ ನಂಬರ್ ಅವರಲ್ಲೊಬ್ಬನದು, ಅವಳ ಪ್ರಾಜೆಕ್ಟ್ ತಂಡದವನು. ನನ್ನ ಕಾಲದಲ್ಲಿ ಕ್ಯಾಂಟೀನಿನ ಎಲ್ಲ ಮುಖಗಳ ಮೇಲೂ ಹರಡಿಕೊಂಡಿದ್ದ ಅನುಮಾನ ಅವಳ ಪಾಲಿಗೆ ಒಂದು ಹೆಸರಿಗೆ ಬಂದು ನಿಂತಿತು. ಅದರ ಬೆಲೆ ನನಗೆ ಗೊತ್ತು.

ಆ ಹೊತ್ತಿಗೆ ಮನೆಯಲ್ಲಿ ವಿಷಯ ತಿಳಿಯಿತು. ತಂಗಿಯ ಗಂಡ ಒಂದೇ ಮಾತು ಹೇಳಿದರು: "ಓದಿದ್ದು ಸಾಕು, ಕರ್ಕೊಂಡ್ಬನ್ನಿ." ಆ ವರ್ಷದ ಫೀಸ್ ಕಟ್ಟಿಯಾಗಿತ್ತು, ವಾಪಸ್ ಬರುವಂತಿರಲಿಲ್ಲ. ಅವಳು ಕಾಲೇಜಿನಲ್ಲಿ ಉಳಿದದ್ದಕ್ಕೆ ಮೊದಲ ಕಾರಣ ಅದೇ, ಅದನ್ನು ತತ್ವ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಪ್ರಿನ್ಸಿಪಾಲರೂ ಒಳ್ಳೆಯ ಮಾತಿನಲ್ಲೇ, "ಎಲ್ಲಾ ತಣ್ಣಗಾಗೋವರೆಗೂ ಮಗು ಊರಲ್ಲೇ ಇರ್ಲಿ, ಅಟೆಂಡೆನ್ಸ್ ನಾನು ನೋಡ್ಕೋತೀನಿ" ಎಂದರು. ಅವಳು "ನಾನ್ಯಾಕ್ ಸರ್?" ಎಂದಳು. ಯುಜಿಸಿಯ 2015ರ ನಿಯಮದಂತೆ ಕಾಲೇಜಿನಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿ ಅಲ್ಲಿ ಕಾಗದದ ಮೇಲೆ ಇತ್ತು. ಅವಳು ಅದಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿಯ ಸಹಿ ಹಾಕಿಸಿಕೊಂಡಳು. ಸಹಿ ಹಾಕಿದ ಮೇಲೆ ಸಮಿತಿ ಸೇರಲೇಬೇಕಾಯಿತು. ಹುಡುಗನನ್ನು ಅಮಾನತು ಮಾಡಿದರು. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವನ ಅಪ್ಪ ಬಂದು ಟಿ.ಸಿ. ತೆಗೆದುಕೊಂಡು ಹೋದರು.

ಆ ಚಿತ್ರಗಳು ಎಲ್ಲಿಯೂ ಇಲ್ಲ ಎಂದು ಯಾರೂ ನಮಗೆ ಬರೆದುಕೊಟ್ಟಿಲ್ಲ. ಯಾರದೋ ಫೋನಿನಲ್ಲಿ ಇದ್ದೇ ಇರುತ್ತವೆ. ಅವ್ವನ ಹಾಗೆ ಎಣಿಸಿ ವಾಪಸ್ ಪಡೆಯುವುದು ಇನ್ನು ಸಾಧ್ಯವಿಲ್ಲ, ಅದಕ್ಕಾಗಿ ಆಸೆಪಡುವುದನ್ನೂ ಬಿಟ್ಟಿದ್ದೇವೆ. ಒಲೆಗೆ ಹಾಕಿ ಮುಗಿಸಿದ ಪ್ರಿಂಟಿಗಾಗಿ ಒಬ್ಬಳು ಊರು ಬಿಟ್ಟಳು, ಅಳಿಸಿಹೋದ ಪುಟಕ್ಕಾಗಿ ನಾನು ಕೆಲಸ ಬಿಟ್ಟೆ. ಫೋಟೊ ಉಳಿಯಿತೋ ಹೋಯಿತೋ ಎಂಬುದು ನಮ್ಮಿಬ್ಬರ ವಿಷಯದಲ್ಲೂ ಏನನ್ನೂ ತೀರ್ಮಾನಿಸಲಿಲ್ಲ. ಹಾಗಾಗಿ ಇಂಥ ಪ್ರಕರಣ ಕೇಳಿದಾಗ ಕೊನೆಗೆ ಜಾಗ ಬಿಟ್ಟವರು ಯಾರು ಎಂದಷ್ಟೇ ವಿಚಾರಿಸುತ್ತೇನೆ. ಈಗಲೂ ಹೆಚ್ಚಿನ ಕಡೆ ಸಿಗುವ ಉತ್ತರ ಹಳೆಯದೇ. ನಮ್ಮ ಮನೆಯಲ್ಲಿ ಒಮ್ಮೆ ಬದಲಾಗಿದೆ. ಅದಕ್ಕೆ ಒಂದು ಕಾಯ್ದೆ, ಒಂದು ಎಕ್ಸೆಲ್ ಹಾಳೆ, ಕಟ್ಟಿಯಾಗಿದ್ದ ಫೀಸು ಮತ್ತು ಅವಳ ಆ ಪ್ರಶ್ನೆ, ಇಷ್ಟೂ ಬೇಕಾದವು.

ಹುಡುಗ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ನಡೆಯುತ್ತಿದೆ. ಮುಂದಿನ ತಾರೀಕಿಗೆ ಅವಳು ಸಾಕ್ಷಿ ಹೇಳಬೇಕು. ಅದೇ ವಾರ ಕ್ಯಾಂಪಸ್ ಸೆಲೆಕ್ಷನ್ ಇದೆಯೆಂದು ಬೇರೆ ತಾರೀಕು ಕೇಳಲು ವಕೀಲರಿಗೆ ಹೇಳಿದ್ದಾಳೆ.